ಗಾಳಿ ತಾಗಿದ ಮಣ್ಣು

ಮೊನ್ನೆ ಒಂದು ಕುಪ್ಪಸಕ್ಕೆ ಹುಕ್ಕು ಬೇಕಾಗಿ ಗಲ್ಲಾಪೆಟ್ಟಿಗೆಯ ಕೆಳಗಿನ ಖಾನೆಗೆ ಕೈ ಹಾಕಿದೆ. ಹುಕ್ಕಿನ ಪೊಟ್ಟಣದ ಬದಲು ಆ ಡಬ್ಬಿ ಕೈಗೆ ಬಂತು. ಸ್ಟೀಲಿನ ಬುತ್ತಿ ಡಬ್ಬಿ, ಮುಚ್ಚಳದ ಮೇಲೆ ಚುಕ್ಕೆ ಚುಕ್ಕೆಯಾಗಿ ‘ಮಾಬೂಬಿ’ ಎಂದು ಹೆಸರು ಕೊರೆಸಿದ್ದು. ಅದನ್ನು ಎತ್ತಿ ಮೇಜಿನ ಮೇಲಿಟ್ಟದ್ದೇ ತಪ್ಪಾಯಿತು. ಕುಪ್ಪಸಕ್ಕಾಗಿ ಕಾದು ನಿಂತಿದ್ದ ಹೆಣ್ಣುಮಗಳು, ನಾನು ಬೇಡವೆನ್ನುವಷ್ಟರಲ್ಲಿ ಮುಚ್ಚಳ ತೆಗೆದುಬಿಟ್ಟಳು. ಒಳಗಿದ್ದದ್ದು ಮುಷ್ಟಿಗಾತ್ರದ ಒಂದು ಮಣ್ಣಿನ ಹೆಂಟೆ, ಹಳೆಯ ಬೆಲ್ಲದ ಬಣ್ಣದ್ದು. ಬೇರೆ ಯಾರಾದರೂ ಆಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದರು. ಆದರೆ ಈಕೆ ಲಿಂಗಸುಗೂರಿನವಳು, ಹೊಲಹೊಲ ತಿರುಗಿ ಮಣ್ಣು ತೆಗೆದು ಪರೀಕ್ಷೆಗೆ ಕಳಿಸುವ ಕೆಲಸದವಳು. ಹೆಂಟೆಯನ್ನು ಬೆಳಕಿಗೆ ಹಿಡಿದು, ‘ಇದನ್ನ ಒಡದು ನೋಡಿದ್ರೇನ್ರಿ?’ ಎಂದು ಕೇಳಿದಳು.

ಹನ್ನೆರಡು ವರ್ಷದಿಂದ ಆ ಡಬ್ಬಿ ನನ್ನಲ್ಲಿತ್ತು. ಒಡೆದು ನೋಡಬೇಕೆಂದು ಒಂದು ದಿನವೂ ನನಗೆ ಹೊಳೆದಿರಲಿಲ್ಲ. ಯಾಕೆಂದು ನಿಮಗೆ ತಿಳಿಯಬೇಕಾದರೆ ಹುಸೇನಸಾಬರ ಸಂಗತಿ ಹೇಳಬೇಕು. ಅದಕ್ಕೂ ಮೊದಲು ನನ್ನ ಸೊಕ್ಕಿನ ಸಂಗತಿ.

ಮಸ್ಕಿಯ ಬಜಾರದಲ್ಲಿ ನನ್ನದೊಂದು ಹೊಲಿಗೆ ಅಂಗಡಿ, ಜೊತೆಗೆ ಒಂದಿಷ್ಟು ಬಟ್ಟೆಯ ವ್ಯಾಪಾರ. ಹೊಲಿಗೆಯಲ್ಲಿ ನನಗಿಂತ ಗಟ್ಟಿಗರು ಇದೇ ಸಾಲಿನಲ್ಲಿ ಇಬ್ಬರಿದ್ದಾರೆ, ಒಪ್ಪಿಕೊಳ್ಳುತ್ತೇನೆ. ಆದರೆ ಬಣ್ಣ ಹೊಂದಿಸುವುದರಲ್ಲಿ ನನ್ನ ಕಣ್ಣಿಗೆ ಸರಿಗಟ್ಟುವ ಕಣ್ಣು ಸಿಂಧನೂರಿನವರೆಗೂ ಇಲ್ಲವೆಂದು ನಾನೇ ತೀರ್ಮಾನಿಸಿಕೊಂಡಿದ್ದೆ. ನೂರಾರು ಬಣ್ಣದ ತುಂಡುಗಳನ್ನು ತಂತಿಗೆ ಪೋಣಿಸಿದ ಒಂದು ಗೊಂಚಲು ಅಂಗಡಿಯ ಮೊಳೆಗೆ ನೇತಾಡುತ್ತದೆ. ಸೀರೆ ತಂದವರನ್ನು ಬಿಸಿಲಿಗೆ ನಿಲ್ಲಿಸಿ, ಒಂದು ಕಣ್ಣು ಕಿರಿದುಮಾಡಿ, ತಟ್ಟನೆ ಒಂದು ತುಂಡನ್ನು ಎತ್ತಿ ತೋರಿಸುವುದು ನನ್ನ ವರಸೆ. ಕಿರಿದುಮಾಡುವ ಅಗತ್ಯವೇನೂ ಇರಲಿಲ್ಲ, ಗಿರಾಕಿಗಳು ಮೆಚ್ಚಲಿ ಎಂದು ಮಾಡುತ್ತಿದ್ದೆ.

ಹುಸೇನಸಾಬರು ಬಳಗಾನೂರಿನವರು. ಹರೆಯದಲ್ಲಿ ಬಾವಿ ತೋಡುತ್ತಿದ್ದರು. ಕಾಲುವೆ ಬಂದು, ಜೋಳದ ಎರೆಹೊಲಗಳೆಲ್ಲ ಗದ್ದೆಯಾಗಿ, ನೀರು ತಾನಾಗಿ ಮೇಲೇರತೊಡಗಿದ ಮೇಲೆ ಬಾವಿ ಯಾರಿಗೂ ಬೇಡವಾಯಿತು. ಉಳಿದದ್ದು ಸತ್ತವರಿಗೆ ತೋಡುವ ಕೆಲಸ. ನಮ್ಮ ಕಡೆ ಗೋರಿಗೂ ಖಬರ್ ಅನ್ನುತ್ತೇವೆ, ಸುದ್ದಿಗೂ, ಮೈಮೇಲಿನ ಎಚ್ಚರಕ್ಕೂ ಖಬರ್ ಅನ್ನುತ್ತೇವೆ. ಹುಸೇನಸಾಬರಿಗೆ ಅದೊಂದು ಮುಗಿಯದ ತಮಾಷೆ. ‘ಏನ್ ಖಬರ್ ಚಾಚಾ?’ ಎಂದು ಯಾರಾದರೂ ಕೇಳಿದರೆ, ‘ನಿಂದೊಂದು ಬಾಕಿ ಐತಿ ನೋಡು’ ಎನ್ನುತ್ತಿದ್ದರು. ಕೇಳಿದವನ ನಗು ಅರ್ಧಕ್ಕೇ ನಿಲ್ಲುತ್ತಿತ್ತು.

ಅವರ ಹೆಂಡತಿ ಮಾಬೂಬಿ ನನ್ನ ಹಳೆಯ ಗಿರಾಕಿ. ಅಂಗಡಿಗೆ ಬಂದಾಗಲೆಲ್ಲ ಹಸಿರು ಸೀರೆಗಳ ಮೇಲೆ ಒಮ್ಮೆ ಕೈಯಾಡಿಸಿ, ಕೊನೆಗೆ ಮಣ್ಣುಬಣ್ಣದ್ದನ್ನೇ ಕಟ್ಟಿಸಿಕೊಂಡು ಹೋಗುತ್ತಿದ್ದರು. ‘ನಮ್ಮವರು ಮೈತುಂಬ ಮಣ್ಣು ಮಾಡ್ಕೊಂಡು ಬರ್ತಾರ. ಹಸರ ಸೀರಿ ಮನ್ಯಾಗ ತಡೀತೈತೇನ್ರಿ ಅಂತಾರ’ ಎಂದು ನಗುತ್ತಿದ್ದರು. ಹಾಗೆ ನಗುತ್ತಲೇ ನಾಲ್ಕು ದಿನದ ಜ್ವರದಲ್ಲಿ ತೀರಿಕೊಂಡರು. ಹುಸೇನಸಾಬರು ಅವರ ಗೋರಿಯನ್ನು ಬೇರೆ ಯಾರಿಗೂ ಮುಟ್ಟಗೊಡದೆ ತಾವೇ ತೋಡಿದರಂತೆ.

ಅದಾದ ಎಂಟು ದಿನಕ್ಕೆ ಅಂಗಡಿಗೆ ಬಂದರು. ಇದೇ ಡಬ್ಬಿಯನ್ನು ಮೇಜಿನ ಮೇಲಿಟ್ಟು, ‘ಮಾಸ್ತರ, ಈ ಬಣ್ಣದ ಬಟ್ಟಿ ಬೇಕು. ನಲವತ್ತನೇ ದಿನಕ್ಕ ಆಕಿ ಖಬರಿನ ಮ್ಯಾಲ ಹೊದಸ್ತೀನಿ’ ಎಂದರು. ಮುಚ್ಚಳ ತೆಗೆದೆ. ಬೆಲ್ಲದ ಬಣ್ಣದ ಹೆಂಟೆ.

‘ಕಂದು ಬಣ್ಣ ಹೊದಸ್ತೀರೇನು ಚಾಚಾ?’ ಎಂದು ಕೇಳಿದೆ.

ಅವರು ಡಬ್ಬಿಯೊಳಗೆ ಬಗ್ಗಿ ನೋಡಿದರು. ಎಷ್ಟು ಹೊತ್ತು ನೋಡಿದರೆಂದರೆ, ಹಿಂದಿದ್ದ ಗಿರಾಕಿ ಗಂಟಲು ಸರಿಮಾಡಿಕೊಂಡ. ‘ಹಸರ ಇತ್ತು. ತೋಡಿದಾಗ ಕೆಳಗೆಲ್ಲ ಹಸರ ಇತ್ತು. ಮುಚ್ಚೋ ಮುಂದ ಈ ಹೆಂಟಿ ಎತ್ತಿ, ಮತ್ತ ಹಸರ ಆಗಲಿ ಅಂತ ನೀರಾಗ ಹಾಕಿ ಇಟ್ಟಿದ್ದೆ’ ಎಂದರು.

ಮೂರು ಮೊಳ ತೋಡಿದರೆ ನೀರು ಒಸರುವ ನೆಲ ಅದು. ಒಬ್ಬರು ನೀರು ಮೊಗೆದು ಹಾಕುತ್ತಿದ್ದರೆ ಇನ್ನೊಬ್ಬರು ತೋಡಬೇಕು. ಅಂದು ಎರಡೂ ಕೆಲಸ ತಾವೊಬ್ಬರೇ ಮಾಡುತ್ತ ನೀರಿನ ಮಟ್ಟಕ್ಕೆ ಇಳಿದಾಗ ಸಲಿಕೆ ಕೊರೆದ ಕಡೆಯೆಲ್ಲ ಗೋಡೆ ಹಸಿರಾಗಿ ಹೊಳೆಯಿತಂತೆ. ಜೀವಮಾನವಿಡೀ ಕೇಳಿದ ಬಣ್ಣವನ್ನು ಆಕೆ ಕೊನೆಗೆ ತಾನೇ ನೆಲದೊಳಗಿಂದ ತೆಗೆಸಿಕೊಂಡಳು ಎಂದು ಇವರಿಗೆ ಅನಿಸಿತು. ಶವ ಹೊತ್ತ ಜನಾಜ ತಂದು ಇಳಿಸುವ ಹೊತ್ತಿಗೆ, ಯಾರೋ ಉಸಿರು ಊದಿದಂತೆ, ಅಂಚಿನಿಂದ ಒಳಗೆ ಬಣ್ಣ ಕೆಡುತ್ತ ಹೋಗಿ ಗೋಡೆಯೆಲ್ಲ ಕಂದಾಯಿತು. ನೋಡಿದವರು ಇವರೊಬ್ಬರೇ. ಹಿರಿಯರೊಬ್ಬರು, ‘ಹಸರ ಮಣ್ಣು ವಲಿಗಳ, ಸಂತರ ಖಬರಿನ್ಯಾಗ ಬರಬೇಕು. ನಿನ್ನ ಬೀಬಿ ವಲಿ ಆದಳೇನು?’ ಎಂದು ಕೇಳಿದರಂತೆ.

ಮತ್ತೆರಡು ಸಲ ಬಂದರು. ಡಬ್ಬಿಗೆ ಒದ್ದೆ ಬಟ್ಟೆ ಸುತ್ತಿಕೊಂಡು ಒಮ್ಮೆ, ಹಾಲಿನ ಕ್ಯಾನಿನ ನೀರಿನಲ್ಲಿ ಡಬ್ಬಿಯನ್ನೇ ಮುಳುಗಿಸಿಕೊಂಡು ಒಮ್ಮೆ. ರಾತ್ರಿ ಹೊತ್ತು ಅದು ಮತ್ತೆ ಹಸಿರಾಗಬಹುದೆಂಬ ಆಸೆ ಅವರಿಗೆ. ಮುಚ್ಚಳ ತೆಗೆದರೆ ಮತ್ತದೇ ಬೆಲ್ಲ. ಹೆಂಟೆಯನ್ನು ಮಾತ್ರ ಕೂಸನ್ನು ಹಿಡಿದಂತೆ ಎರಡು ಕೈಯಲ್ಲಿ ಹಿಡಿಯುತ್ತಿದ್ದರು. ಒಮ್ಮೆ ನನ್ನ ಕತ್ತರಿಯ ತುದಿ ಅದಕ್ಕೆ ತಾಗಲು ಹೋದಾಗ, ‘ಒಡೀಬ್ಯಾಡ್ರಿ, ಅದು ಆಕಿ ಮ್ಯಾಗಿನ ಮಣ್ಣು’ ಎಂದು ಕೈ ಹಿಡಿದರು.

ಮೂರನೆಯ ಸಲ ಬಂದಾಗ ಇನ್ನೊಂದು ಮಾತು ಹೇಳಿದರು. ಖಬರಸ್ತಾನದ ಕೆಸರಿನಲ್ಲಿ ಕಾಲಿಟ್ಟರೆ ಮೇಲಿನ ಕಂದು ಪದರ ಹರಿದು ಹೆಜ್ಜೆ ಹಸಿರಾಗಿ ಮೂಡುತ್ತದಂತೆ, ಸ್ವಲ್ಪ ಹೊತ್ತಿಗೆ ಅದೂ ಕಂದಾಗುತ್ತದಂತೆ. ‘ಹಸರ ಹೆಜ್ಜಿ ಅಂದ್ರ ಈಗ ಹೋಗ್ಯಾರ, ಕಂದು ಅಂದ್ರ ಹೋಗಿ ಹೊತ್ತಾಗೇದ. ಮಣ್ಣಿಗೆ ಖಬರ್ ಇರ್ತೈತಿ ಮಾಸ್ತರ.’ ಆಮೇಲೆ ದನಿ ತಗ್ಗಿಸಿದರು. ‘ಆಕೀನ ಇಟ್ಟ ಮರುದಿನ ಮುಂಜಾನೆ ಹೋದೆ. ಖಬರಿನ ಬಾಜೂಕ ಸಣ್ಣ ಹೆಜ್ಜಿ ಇದ್ವು. ಬರಿಗಾಲು. ಹಸರ ಇದ್ವು. ಸುತ್ತ ಯಾರೂ ಇರಲಿಲ್ಲ.’

ರಂಜಾನದ ಗದ್ದಲದ ದಿನಗಳು. ಅಂಗಡಿ ತುಂಬ ಜನ. ನನಗೆ ಮೈ ಜುಮ್ಮೆಂದದ್ದು ನಿಜ, ಅದನ್ನು ಮುಚ್ಚಿಕೊಳ್ಳಲು ಆ ಮಾತು ಆಡಿದೆನೆಂದು ಈಗ ಅನಿಸುತ್ತದೆ. ಹೆಂಟೆಯನ್ನು ಎಲ್ಲರಿಗೂ ಕಾಣುವಂತೆ ಬಿಸಿಲಿಗೆ ಹಿಡಿದು, ಒಂದು ಕಣ್ಣು ಕಿರಿದುಮಾಡಿ, ‘ಇದು ಕಂದು. ಚಾಚಾ, ಊರಿನವರ ಖಬರ್ ಎಲ್ಲಾ ನೋಡ್ತೀರಿ, ನಿಮಗ ಖಬರ್ ಐತೋ ಇಲ್ಲೋ?’ ಎಂದೆ. ಅವರದೇ ತಮಾಷೆ. ಅಂಗಡಿ ನಕ್ಕಿತು. ಅವರೂ ನಗಲು ನೋಡಿದರು, ಆಗಲಿಲ್ಲ. ಡಬ್ಬಿ ಬಿಟ್ಟು ಇಳಿದು ಹೋದರು. ಮುಚ್ಚಳ ಹಾಕಿ ಖಾನೆಗೆ ಸೇರಿಸಿದೆ, ನಾಳೆ ಬಂದಾರು ಎಂದು.

ಬರಲಿಲ್ಲ. ನಲವತ್ತನೆಯ ದಿನ ಬಟ್ಟೆಯಿಲ್ಲದೆ ಕಳೆಯಿತಂತೆ. ಬೇರೆ ಹಸಿರು ತಂದುಕೊಟ್ಟವರನ್ನು ಬೈದು ಕಳಿಸಿದರಂತೆ. ಹುಸೇನಸಾಬರಿಗೆ ಗಾಳಿ ತಾಗಿದೆ ಎಂದು ಬಸ್ಸಿನಲ್ಲಿ ಜನ ಮಾತಾಡಿಕೊಂಡರು. ಖಬರ್ ಇಲ್ಲದವನೆಂದು ಮೊದಲು ಹೇಳಿದ ಬಾಯಿ ನನ್ನದು.

ಇನ್ನು ಮೊನ್ನೆಯ ಮಾತಿಗೆ ಬರುತ್ತೇನೆ. ಇದಿಷ್ಟನ್ನೂ ಕೇಳಿದ ಆಕೆ ನಗಲಿಲ್ಲ. ‘ಅವರು ಖರೇನ ಹೇಳ್ಯಾರ್ರಿ. ನೀರಿನ ಕೆಳಗ ಗಾಳಿ ಸಿಗದಂಗ ಇದ್ದ ಮಣ್ಣಿನ್ಯಾಗ ಕಬ್ಬಿಣ ಹಸರ ಆಗಿ ಕುಂತಿರ್ತೈತಿ. ಹೊರಗ ತೆಗೆದ್ರ ಗಾಳಿ ತಾಗ್ತೈತಿ, ತುಕ್ಕ ಹಿಡದು ಕಂದು ಆಗ್ತೈತಿ. ಇದು ಈಗ ಪೂರಾ ಒಣಗೇದ. ಆವತ್ತ ಒಡದಿದ್ರ ಒಳಗ ಹಸರ ಇರ್ತಿತ್ತು’ ಎಂದಳು. ಅದಕ್ಕೊಂದು ಹೆಸರೂ ಹೇಳಿದಳು, ಫೂಜರೈಟ್ ಎಂದೇನೋ. ನನಗೆ ಫೌಜಿ ಎಂದು ಕೇಳಿಸಿ, ಮಣ್ಣಿಗೂ ಮಿಲಿಟರಿಗೂ ಏನು ಸಂಬಂಧವೆಂದು ಕೇಳಿಬಿಟ್ಟೆ. ‘ಹಸರ ತುಕ್ಕು ಅಂತ ತಿಳ್ಕೊಳ್ರಿ ಸಾಕು’ ಎಂದಳು.

ಆವತ್ತ ಒಡದಿದ್ರ. ಆ ಮಾತು ಎದೆಯಲ್ಲಿ ಕೂತಿತು. ನನ್ನ ಕೈಯಲ್ಲೇ ಇತ್ತು, ಮೇಲಿನ ಒಂದು ಬೆರಳು ದಪ್ಪದ ತುಕ್ಕಿನ ಕೆಳಗೆ. ಬಟ್ಟೆಯ ಬಣ್ಣ ನೋಡಬೇಕಾದರೆ ಮಡಿಕೆ ಬಿಚ್ಚಿ ಒಳಗಿನದನ್ನು ನೋಡಬೇಕು ಎಂದು ಗಿರಾಕಿಗಳಿಗೆ ಪಾಠ ಹೇಳುವವನು ನಾನು. ಕಾರಣ ತಿಳಿದರೆ ಹೆದರಿಕೆ ಹೋಗುತ್ತದೆ ಎನ್ನುತ್ತಾರೆ, ನನಗೆ ಹಾಗಾಗಲಿಲ್ಲ. ಅವರು ಹೇಳಿದ ಮಣ್ಣು ಖರೆಯಾದರೆ ಆ ಹೆಜ್ಜೆಗಳೂ ಖರೆಯಾಗಬೇಕಲ್ಲ, ಅದು ತಲೆ ತಿನ್ನತೊಡಗಿತು.

ಮರುದಿನ ಮಧ್ಯಾಹ್ನವೇ ಡಬ್ಬಿಯನ್ನೂ ಬಣ್ಣದ ಗೊಂಚಲನ್ನೂ ಚೀಲಕ್ಕೆ ಹಾಕಿಕೊಂಡು ಬಳಗಾನೂರಿನ ಬಸ್ಸು ಹತ್ತಿದೆ. ಹುಸೇನಸಾಬರು ಖಬರಸ್ತಾನದ ಗೇಟಿನ ಹತ್ತಿರ ಜಾಲಿಯ ನೆರಳಿನಲ್ಲಿ ಕೂತಿದ್ದರು. ಪೊರೆ ಬಂದು ಎರಡೂ ಕಣ್ಣು ಬೆಳ್ಳಗಾಗಿದ್ದವು. ನಾನು ಸಲಾಮು ಹೇಳುತ್ತಲೇ, ‘ಮಾಸ್ತರ ಬಂದೀರಿ. ಸೂಜಿ ಹಲ್ಲಾಗ ಹಿಡದವರಂಗ ಮಾತಾಡ್ತೀರಿ ಇನ್ನೂ’ ಎಂದರು. ಮಾತು ಎಲ್ಲಿಂದ ಶುರು ಮಾಡಬೇಕೆಂದು ತಿಳಿಯದೆ ಡಬ್ಬಿಯನ್ನು ಕೈಗಿಟ್ಟೆ. ಮುಚ್ಚಳದ ಮೇಲಿನ ಅಕ್ಷರಗಳನ್ನು ಬೆರಳಿನಿಂದ ಸವರಿ, ‘ಮೊದಲ ಆಕಿದು ಆಕಿಗೆ ಕೊಟ್ಟು ಬರ್ರಿ. ಮೂರನೇ ಖಬರ್, ಕಲ್ಲು ನೆಟ್ಟೀನಿ’ ಎಂದು ಕೈ ಮಾಡಿ ತೋರಿಸಿದರು.

ಪಕ್ಕದ ಗದ್ದೆಯ ನೀರು ಬಸಿದು ನೆಲವೆಲ್ಲ ಜೌಗಾಗಿತ್ತು, ಚಪ್ಪಲಿ ಹೂತುಕೊಳ್ಳುತ್ತಿತ್ತು. ಹೆಂಟೆಯನ್ನು ಕಲ್ಲಿನ ಬುಡದಲ್ಲಿಟ್ಟು ಒಂದಿಷ್ಟು ಹೊತ್ತು ನಿಂತೆ. ತಿರುಗಿದಾಗ ಕಂಡಿತು. ಬರುವಾಗ ಮೂಡಿದ ನನ್ನ ಚಪ್ಪಲಿಯ ಗುರುತುಗಳು ಗೇಟಿನ ಕಡೆ ಕಂದಾಗಿದ್ದವು, ನನ್ನ ಕಾಲ ಬಳಿಯವು ಇನ್ನೂ ಹಸಿರಾಗಿದ್ದವು. ಕಲ್ಲಿನ ಆಚೆ ಬದಿಗೆ ಸಣ್ಣ ಪಾದದ ನಾಲ್ಕು ಹೆಜ್ಜೆಗಳಿದ್ದವು. ಬರಿಗಾಲು. ಹಸಿರು. ಕಳೆ ಕೀಳುವ ಹೆಣ್ಣುಮಗಳು ಯಾರೋ ಹಾದುಹೋಗಿರಬೇಕೆಂದು ಗದ್ದೆಯ ಕಡೆ ಕಣ್ಣು ಹಾಯಿಸಿದೆ. ಗದ್ದೆಯಲ್ಲಿ ಒಂದು ಬೆಳ್ಳಕ್ಕಿಯೂ ಇರಲಿಲ್ಲ. ಆಮೇಲೆ ನಾನು ಗೇಟು ಮುಟ್ಟುವವರೆಗೆ ಹಿಂದೆ ನೋಡಲಿಲ್ಲ.

ಹುಸೇನಸಾಬರ ಪಕ್ಕದಲ್ಲಿ ಕೂತೆ. ಲಿಂಗಸುಗೂರಿನ ಹೆಣ್ಣುಮಗಳು ಹೇಳಿದ್ದನ್ನೆಲ್ಲ ಹೇಳಿ, ‘ಆವತ್ತ ನಾ ಹಂಗ ಅನ್ನಬಾರದಿತ್ತು ಚಾಚಾ, ನಂದು ತಪ್ಪಾತು’ ಎಂದೆ. ಬೇಲಿಯ ಪಕ್ಕದಲ್ಲೇ ಹೊಸದಾಗಿ ಬಸಿಗಾಲುವೆ ತೋಡಿದ್ದರು. ಅದರ ತಳದಿಂದ ಹೆಂಟೆ ತೆಗೆಯುತ್ತೇನೆಂದಾಗ ಅವರು ಅನುಮಾನಿಸಿದರು. ‘ಅದು ಆಕಿ ಮಣ್ಣಲ್ಲ.’ ಹತ್ತು ಹೆಜ್ಜೆಯಾಚೆ ಇದೆ, ಅದೇ ನೆಲ, ಅದೇ ನೀರು ಎಂದೆ. ಕೊನೆಗೆ ತಾವೇ ತಮ್ಮ ಸಲಿಕೆಯನ್ನು ನನ್ನತ್ತ ತಳ್ಳಿದರು.

ತಂದ ಹೆಂಟೆ ಹೊರಗೆ ಕಂದಾಗಿತ್ತು. ‘ಒಡೀರಿ’ ಎಂದರು. ಎರಡು ಹೆಬ್ಬೆರಳು ಊರಿ ಹೋಳು ಮಾಡಿದೆ.

ಎಲೆಯ ಹಸಿರಲ್ಲ, ಗಿಳಿಯ ಹಸಿರೂ ಅಲ್ಲ. ವಯಸ್ಸಾದವರ ಮಣಿಕಟ್ಟಿನಲ್ಲಿ ನರ ಕಾಣುತ್ತದಲ್ಲ, ಆ ಬಣ್ಣ. ಗೊಂಚಲು ಬಿಡಿಸಿ ಒಂದೊಂದೇ ತುಂಡನ್ನು ಪಕ್ಕಕ್ಕಿಟ್ಟು ನೋಡತೊಡಗಿದೆ. ಪಿಸ್ತಾ ಅಲ್ಲ, ಮೆಹಂದಿ ಅಲ್ಲ. ಗೊಂಚಲಿನ ಕೊನೆಗೆ ವರ್ಷಾನುಗಟ್ಟಲೆ ಬಿಸಿಲು ತಿಂದು ಮಂಕಾದ ಒಂದು ತುಂಡಿತ್ತು. ಇಟ್ಟೆ, ಕೂಡಿತು.

‘ಸಿಕ್ತು ಚಾಚಾ.’

‘ಏನಂತೀರಿ ಆ ಬಣ್ಣಕ್ಕ?’

‘ಅಂಗಡ್ಯಾಗ ರಾಮಾ ಕಲರ್ ಅಂತೀವಿ, ನೀಲಿ ಕೂಡಿದ ಹಸರ. ಅದರಾಗ ಹಳೇದು.’

ಅವರ ಮುಖ ಅರಳಿತು. ‘ಮಾಬೂಬಿ ಕೇಳಿದ್ರ ನಗ್ತಾಳ’ ಎಂದರು. ಆಮೇಲೆ ಕೈ ಚಾಚಿ, ಹೋಳಾದ ಮಣ್ಣಿನ ಮೇಲೆ ಬೆರಳಿಟ್ಟು, ‘ಇನ್ನೂ ಐತೇನು?’ ಎಂದು ಕೇಳಿದರು.

ಅಂಚು ಆಗಲೇ ಬೆಲ್ಲವಾಗಿತ್ತು. ನೋಡುತ್ತಿದ್ದಂತೆ ನಡುವಿನ ಹಸಿರೂ ಇಂಗುತ್ತಿತ್ತು. ಅದು ಪೂರಾ ಹೋಗುವವರೆಗೂ ನೋಡಿದೆ. ‘ಐತಿ’ ಎಂದೆ.

‘ಸುಳ್ಳು ಹೇಳಬ್ಯಾಡ್ರಿ ಮಾಸ್ತರ. ಹೋಗೇದ ಈಗ’ ಎಂದರು ಹುಸೇನಸಾಬರು, ಮೆತ್ತಗೆ. ‘ನನಗ ಖಬರ್ ಐತಿ.’

ಬಟ್ಟೆ ಈಗ ನನ್ನ ಮಿಷನ್ನಿನ ಮೇಲಿದೆ. ಹೊಸ ಬಣ್ಣವನ್ನು ಮಂಕಾಗಿಸಲು ಎರಡು ದಿನ ಮಾಳಿಗೆಯ ಬಿಸಿಲಿನಲ್ಲಿ ಹಾಕಿದ್ದೆ, ಈಗ ಅಂಚು ಹೊಲಿಯುತ್ತಿದ್ದೇನೆ. ಬಣ್ಣ ಸರಿಯಾಗಿದೆಯೇ ಎಂದು ನೋಡಲು ಈ ಸಲ ಕಣ್ಣು ಕಿರಿದುಮಾಡಲಿಲ್ಲ. ನಾಳೆ ಒಯ್ದು ಹೊದಿಸಬೇಕು. ಅಲ್ಲಿ ಹೋದಾಗ ಚಪ್ಪಲಿಯನ್ನು ಗೇಟಿನಲ್ಲೇ ಬಿಡುತ್ತೇನೆ.