ಊದಿದ ಕಣ್ಣಿಗೆ ಸ್ಕ್ಯಾನಿಂಗ್

ದೇವರಿಗೆ ಏರಿಸುವ ಹೂವನ್ನು ಬೆಳೆದು ತರಬೇಕು, ಇಲ್ಲವೇ ಕೊಂಡು ತರಬೇಕು, ಅದೂ ಆಗದಿದ್ದರೆ ಕೇಳಿ ತರಬೇಕು ಎಂದು ಪಾಠಶಾಲೆಯಲ್ಲಿ ಮೂವತ್ತು ವರ್ಷ ಪಾಠ ಹೇಳಿದವನು ನಾನು. ಕೇಳದೆ ತಂದವನ ಗತಿಯೇನೆಂಬುದೂ ನನಗೆ ಬಾಯಿಪಾಠವಾಗಿತ್ತು. ಆದರೂ ನಿವೃತ್ತನಾದ ಮೇಲೆ, ಒಂಟಿಕೊಪ್ಪಲಿನ ನಮ್ಮ ಬೀದಿ ಇನ್ನೂ ಏಳುವ ಮೊದಲೇ, ಸ್ನಾನ ಮುಗಿಸಿ ಪಂಚೆಯುಟ್ಟು, ನೆರೆಮನೆಯ ಸಂಪಿಗೆ ಮರದ ಕೊಂಬೆಯೊಂದನ್ನು ದೋಟಿಯಿಂದ ಬಗ್ಗಿಸುವುದು ನನ್ನ ನಿತ್ಯಕರ್ಮದಲ್ಲಿ ಸೇರಿಹೋಗಿತ್ತು. ಕೊಂಬೆ ನಮ್ಮ ಕಾಂಪೌಂಡಿನ ಕಡೆಗೆ ಬಾಗಿತ್ತು; ಬೇರು ಅವರ ಕಡೆಗಿತ್ತು. ಹೂವು ಯಾವುದನ್ನು ಅನುಸರಿಸುತ್ತದೆಂಬ ವಿಚಾರವನ್ನು ನಾನು ಬಹಳ ಆಳಕ್ಕೆ ಒಯ್ಯುತ್ತಿರಲಿಲ್ಲ.

ಹೊಸ ಶತಮಾನ ಹುಟ್ಟಿ ಕೆಲವು ವರ್ಷಗಳಾಗಿದ್ದವು. ಒಂದು ಶುಕ್ರವಾರ ಬೆಳಿಗ್ಗೆ ದೋಟಿಯ ಕೊಕ್ಕೆ ಕೊಂಬೆಯಿಂದ ಜಾರಿತು. ಕೊಂಬೆ ತನ್ನ ಸ್ಥಾನಕ್ಕೆ ಹೋಯಿತು. ದೋಟಿ ಕೆಳಗೆ ಬಂದು, ಅದರ ಗೆಣ್ಣು ನನ್ನ ಬಲಹುಬ್ಬಿನ ಅಡಿಯಲ್ಲಿ ಕುಳಿತಿತು. ಕೂಗಿದರೆ ಕಳವು ಬಯಲಾದೀತೆಂದು ನೋವನ್ನು ನುಂಗಿಕೊಂಡು ಒಳಗೆ ಬಂದು ಪೂಜೆಗೆ ಕುಳಿತೆ. ಪೂಜೆ ಮುಗಿಯುವ ಹೊತ್ತಿಗೆ ರೆಪ್ಪೆ ಬದನೆಕಾಯಿಯಂತೆ ಊದಿ ಬಿಗಿದುಕೊಂಡಿತ್ತು. ತೀರ್ಥ ಕೊಡಲು ತಿರುಗಿದಾಗ ನನ್ನ ಹೆಂಡತಿ ಕೈಯೊಡ್ಡುವುದನ್ನು ಮರೆತು, "ಅಯ್ಯೋ, ಏನ್ರೀ ಇದು ಮುಖ!" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದಳು.

"ದೇವರ ಕೆಲಸದಲ್ಲಿ ಆಯ್ತು," ಎಂದೆ. ಅದು ಸುಳ್ಳಲ್ಲ.

ನನ್ನ ಎಡಗಣ್ಣಿಗೆ ಆಗಲೇ ಪೊರೆ ಬಂದಿತ್ತು. ಅದಕ್ಕೆ ದೀಪ ಕಾಣುತ್ತಿತ್ತು, ಎದುರಿಗಿರುವವರ ಆಕಾರ ಕಾಣುತ್ತಿತ್ತು, ಅಕ್ಷರ ಕಾಣುತ್ತಿರಲಿಲ್ಲ. ಓದೆಲ್ಲ ಬಲಗಣ್ಣಿನ ಪಾಲಿಗೆ ಬಂದಿತ್ತು. ನಮ್ಮ ಬೀದಿಯ ಭಜನಮಂದಿರದಲ್ಲಿ ಸಂಜೆ ಪುರಾಣ ಓದಿ ಅರ್ಥ ಹೇಳುವುದೊಂದೇ ನನ್ನ ಮುಪ್ಪಿನ ಉದ್ಯೋಗ. ಕೇಳುವವರು ಹದಿನೈದು ಮಂದಿ. ಅವರಲ್ಲಿ ಆರು ಮಂದಿ ನಿದ್ದೆ ಹೋಗುತ್ತಿದ್ದರು. ಆದರೂ ಆ ಒಂಬತ್ತು ಮಂದಿಗಾಗಿ ನಾನು ದಿನವಿಡೀ ಕಾಯುತ್ತಿದ್ದೆ. ಬಲಗಣ್ಣು ಹೋದರೆ ಅದೆಲ್ಲ ಹೋಯಿತು.

ಹೆಂಡತಿಯ ಕೂಗು ಕೇಳಿ ಮೊದಲು ಓಡಿಬಂದವರು ನೆರೆಮನೆಯ ಯಜಮಾನರೇ. ಮೇಟಗಳ್ಳಿಯ ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತರಾದವರು, ಊರ ಕಡೆ ಹೊಲ ಗದ್ದೆ ಉಳ್ಳವರು, ಗಟ್ಟಿ ಗಂಟಲಿನವರು. "ಏನ್ ಮೇಷ್ಟ್ರೇ, ಯಾರ್ ಬಡಿದ್ರು? ಹತ್ತಿ ಕಾರು, ಹತ್ತಿ!" ಎಂದು ನನ್ನ ರಟ್ಟೆ ಹಿಡಿದು, ಹೆಂಡತಿಯನ್ನೂ ಹತ್ತಿಸಿಕೊಂಡು ಹೊರಡಿಸಿಯೇಬಿಟ್ಟರು. ಯಾರ ಮರದಿಂದ ಪೆಟ್ಟು ತಿಂದಿದ್ದೆನೋ ಅವರ ಕಾರಿನಲ್ಲೇ ಆಸ್ಪತ್ರೆಗೆ ಹೋಗುವ ಯೋಗ ಎಲ್ಲರಿಗೂ ಬರುವುದಿಲ್ಲ.

ಅದೊಂದು ಸಣ್ಣ ನರ್ಸಿಂಗ್ ಹೋಮ್. ಕಣ್ಣಿನ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ನನ್ನ ರೆಪ್ಪೆಯನ್ನು ಹತ್ತಿರದಿಂದ ನೋಡಿ, ಮುಟ್ಟದೆ ಕೈ ಹಿಂದೆಗೆದುಕೊಂಡರು.

"ಇದನ್ನ ಬಲವಂತವಾಗಿ ಬಿಡಿಸೋ ಹಾಗಿಲ್ಲ ಸರ್. ಒಳಗೆ ಗಾಯ ಇದ್ರೆ ಜಾಸ್ತಿ ಆಗುತ್ತೆ. ಆದ್ರೆ ಬೆಳಕಿಗೆ ಪಾಪೆ ಕುಗ್ಗುತ್ತೋ ಇಲ್ವೋ ಅಂತ ನನಗೆ ಗೊತ್ತಾಗ್ಲೇಬೇಕು. ಒಂದು ಕಣ್ಣಿಗೆ ಬೆಳಕು ಬಿದ್ರೆ ಎರಡೂ ಪಾಪೆ ಒಟ್ಟಿಗೇ ಕುಗ್ಗುತ್ವೆ. ಅದಕ್ಕೆ ನಿಮ್ಮ ಎಡಗಣ್ಣಿಗೆ ಟಾರ್ಚ್ ಬಿಡೋಣ. ಬಲಗಣ್ಣು ಏನ್ ಮಾಡುತ್ತೆ ಅಂತ ರೆಪ್ಪೆ ಮೇಲಿಂದ್ಲೇ ಸ್ಕ್ಯಾನಿಂಗಲ್ಲಿ ನೋಡ್ತೀನಿ."

"ಕುಗ್ಗದಿದ್ದರೆ?" ಎಂದೆ.

"ಒಳಗೆ ಪೆಟ್ಟಾಗಿದೆ ಅಂತ. ಇವತ್ತೇ ದೊಡ್ಡ ಆಸ್ಪತ್ರೆಗೆ ಬರೆದುಕೊಡ್ತೀನಿ. ಆಪರೇಷನ್ ಆದ್ರೂ ನೋಟ ಎಷ್ಟು ಉಳಿಯುತ್ತೆ ಅಂತ ಹೇಳಕ್ಕಾಗಲ್ಲ."

ಒಬ್ಬರಿಗೆ ನಮಸ್ಕರಿಸಿದರೆ ಇಬ್ಬರೂ ತಲೆಬಾಗುವ ವೃದ್ಧ ದಂಪತಿಗಳಂತೆ ಎರಡು ಕಣ್ಣುಗಳು ವರ್ತಿಸುತ್ತವೆಂಬುದನ್ನು ಎಪ್ಪತ್ತರ ಹತ್ತಿರ ಬರುವವರೆಗೂ ನಾನು ತಿಳಿದಿರಲಿಲ್ಲ. ಬೇರೆ ದಿನವಾಗಿದ್ದರೆ ಆ ವಿಷಯವನ್ನು ಸವಿಯುತ್ತಿದ್ದೆ. ಅಂದು, ಯಂತ್ರ ಎಲ್ಲಿದೆಯೆಂದು ಮಾತ್ರ ಕೇಳಿದೆ.

ಆ ಆಸ್ಪತ್ರೆಯಲ್ಲಿದ್ದ ಸ್ಕ್ಯಾನಿಂಗ್ ಯಂತ್ರ ಒಂದೇ. ಅದು ಹೆರಿಗೆ ವಿಭಾಗದ್ದು. ಹೀಗಾಗಿ ಬಸುರಿಯರ ಸಾಲಿನಲ್ಲಿ, ಹುಟ್ಟುವ ಮಗು ಗಂಡೋ ಹೆಣ್ಣೋ ಎಂದು ಇಲ್ಲಿ ತಿಳಿಸುವುದಿಲ್ಲ ಎಂಬ ಫಲಕದ ಕೆಳಗೆ, ವಿಭೂತಿ ಧರಿಸಿ, ಶಲ್ಯ ಹೊದ್ದು ನಾನು ಕುಳಿತೆ. ಬೋಗಾದಿಯಿಂದ ಸೊಸೆಯನ್ನು ಕರೆತಂದಿದ್ದ ಮುದುಕಿಯೊಬ್ಬಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಏನ್ ಸಾಮೀ, ನಿಮಗೂ ಇದೇ ರೂಮಾ?"

ನನಗಿಂತ ಮೊದಲು ನೆರೆಮನೆಯವರೇ ಉತ್ತರಿಸಿದರು. "ಊಂ ಕಣಮ್ಮ, ನೋಡಕಿಲ್ವಾ? ದಿನ ತುಂಬೈತೆ."

ಸೊಸೆ ಬಾಯಿಗೆ ಸೆರಗು ಒತ್ತಿಕೊಂಡಳು. ನನ್ನ ಹೆಂಡತಿಯೂ ಒತ್ತಿಕೊಂಡಳು. ಅದನ್ನು ನಾನು ಮರೆತಿಲ್ಲ. ಮುದುಕಿ ಮಾತ್ರ ಗಂಭೀರವಾಗಿಯೇ ಇದ್ದಳು. "ನೀರ್ ಕುಡ್ದಿದ್ದೀರಾ? ಒಟ್ಟೆ ತುಂಬ ನೀರ್ ಕುಡೀದೆ ಓದ್ರೆ ವಾಪಸ್ ಕಳಿಸ್ಬುಡ್ತಾರೆ."

ಶಾಸ್ತ್ರ ಯಾರ ಬಾಯಿಂದ ಬಂದರೂ ಶಾಸ್ತ್ರವೇ. ಮೂಲೆಯ ಹೂಜಿಯಿಂದ ಐದು ಲೋಟ ನೀರು ಕುಡಿದೆ. ಒಳಗೆ ಹೋಗಿ ಅದನ್ನು ವಿನಯದಿಂದ ವರದಿ ಮಾಡಿದಾಗ ಡಾಕ್ಟರು, "ಕಣ್ಣಿಗೆ ನೀರು ಯಾಕೆ ಸರ್?" ಎಂದರು. ಮುಂದಿನ ಅರ್ಧ ಗಂಟೆಯ ನನ್ನ ಸಂಕಟದಲ್ಲಿ ಆ ಐದು ಲೋಟಗಳ ಪಾಲೂ ಇತ್ತು.

ಮಂಚದ ಮೇಲೆ ಮಲಗಿಸಿ, ಬಲರೆಪ್ಪೆಯ ಮೇಲೆ ತಣ್ಣನೆಯ ಲೋಳೆ ಸುರಿದರು. ದೀಪ ಆರಿಸಿದರು. ಅಷ್ಟರಲ್ಲಿ ಹೆರಿಗೆ ಕೋಣೆಯಿಂದ ಕರೆ ಬಂದು, ಟಾರ್ಚ್ ಹಿಡಿಯಬೇಕಿದ್ದ ನರ್ಸು ಓಡಿದಳು. ಡಾಕ್ಟರು ಟಾರ್ಚನ್ನು ನನ್ನ ಹೆಂಡತಿಯ ಕೈಗೆ ಕೊಟ್ಟರು. "ಅಮ್ಮ, ನಾನು ಹೂಂ ಅಂದಾಗ ಹಚ್ಚಿ, ಇವರ ಮುಖದ ಹತ್ತಿರ ಬೆಳಕು ತನ್ನಿ." ಬಳಿಕ ತಮ್ಮ ಮುಖವನ್ನು ಪರದೆಯತ್ತ ತಿರುಗಿಸಿ, ಯಂತ್ರದ ಹಿಡಿಯನ್ನು ರೆಪ್ಪೆಯ ಮೇಲೆ ಹಗುರವಾಗಿ ಇಟ್ಟುಕೊಂಡರು.

ಕಣ್ಣಿಗೆ ಅಧಿದೇವತೆ ಸೂರ್ಯ. ನಾನು ಎಡಗಣ್ಣನ್ನೂ ಮುಚ್ಚಿ ಆದಿತ್ಯನ ಸ್ತೋತ್ರ ಹೇಳಿಕೊಳ್ಳತೊಡಗಿದೆ.

"ಹೂಂ," ಎಂದರು ಡಾಕ್ಟರು.

ಬೆಳಕು ಬಂದದ್ದು, ಹೋದದ್ದು ನನಗೆ ಟಾರ್ಚಿನ ಗುಂಡಿಯ ಸದ್ದಿನಿಂದ ತಿಳಿಯಿತು. ಡಾಕ್ಟರು ಹಿಡಿಯನ್ನು ರೆಪ್ಪೆಯ ಮೇಲೆ ತುಸು ಸರಿಸಿದರು.

"ಇನ್ನೊಂದ್ ಸಲ ಅಮ್ಮ."

ಹಿಡಿ ಮತ್ತೆ ಸರಿಯಿತು. ಮೂರನೆಯ ಸಲವೂ ಹಾಗೆಯೇ ಆಯಿತು. ಡಾಕ್ಟರು ದೀಪ ಹಾಕಿ, ಹೊರಗಿದ್ದ ನೆರೆಮನೆಯವರನ್ನೂ ಒಳಗೆ ಕರೆದರು. ಡಾಕ್ಟರ ದನಿ ತಗ್ಗಿತ್ತು. "ಪಾಪೆ ಅಲ್ಲಾಡ್ತಾ ಇಲ್ಲ ಸರ್. ಚೂರೂ ಇಲ್ಲ. ಒಂದೇ ಒಂದು ಸಲ ಖಾತ್ರಿ ಮಾಡ್ಕೊಂಡು ದೊಡ್ಡ ಆಸ್ಪತ್ರೆಗೆ ಕಾಗದ ಬರೀತೀನಿ. ಕಾರು ಸಿದ್ಧ ಇರ್ಲಿ."

ಹೆಂಡತಿ ಟಾರ್ಚನ್ನು ಎದೆಗೆ ಅವುಚಿಕೊಂಡು ನಿಂತಳು. ಓದಲಾಗದ ನನ್ನ ಸಂಜೆಗಳೆಲ್ಲ ಒಂದರ ಹಿಂದೊಂದು ಬಂದು ಮಂಚದ ಸುತ್ತ ನಿಂತಂತಾಯಿತು. ಫಲ ಕಣ್ಣೆದುರಿಗಿರುವಾಗ ಕಾರಣವನ್ನು ಮುಚ್ಚಿಟ್ಟು ಪ್ರಯೋಜನವಿಲ್ಲವೆನಿಸಿ, ನೆರೆಮನೆಯವರತ್ತ ಕೈಜೋಡಿಸಿದೆ.

"ನನ್ನಿಂದ ತಪ್ಪಾಗಿದೆ. ದಿನಾ ನಿಮ್ಮ ಸಂಪಿಗೆ ಹೂವು ಕದೀತಿದ್ದೆ. ಇವತ್ತು ದೋಟಿ ಕಣ್ಣಿಗೆ ಬಿತ್ತು. ದೇವರು ತೋರಿಸಿಬಿಟ್ಟ."

"ಏ, ಗೊತ್ತು ಬುಡಿ ಮೇಷ್ಟ್ರೇ," ಎಂದರು ಅವರು. "ನಮ್ಮನೆಯವ್ಳು ದಿನಾ ಕಿಟಕೀಲಿ ನೋಡ್ತಾಳೆ. ಮರದ್ ರೆಂಬೆ ಸವರಿಸ್ದಾಗ ಆ ಕೊಂಬೆ ಒಂದ್ನ ನಿಮಗೆ ಅಂತ್ಲೇ ಬುಟ್ಟಿರದು. ಪೂಜೆಗ್ ತಾನೆ ಓಯ್ತದೆ? ಅದಕ್ಕೆಲ್ಲ ದೇವ್ರು ಕಣ್ಣ್ ಕಿತ್ಕತಾನಾ? ಅವನೇನ್ ಮುನಿಸಿಪಾಲ್ಟಿಯವ್ನಾ?"

"ಕದೀತಿದ್ರಾ?" ಎಂದಳು ನನ್ನ ಹೆಂಡತಿ. "ಕೇಳಿ ತರ್ತೀನಿ ಅಂದಿದ್ರಲ್ರೀ!"

"ಅಮ್ಮ, ಆಮೇಲೆ ವಿಚಾರಿಸ್ಕೊಳ್ಳಿ," ಎಂದು ಡಾಕ್ಟರು ಮತ್ತೆ ದೀಪ ಆರಿಸಿ ಪರದೆಯತ್ತ ತಿರುಗಿದರು. "ಹೂಂ."

ಮರುಕ್ಷಣ ಕತ್ತಲೆಯಲ್ಲಿ ನೆರೆಮನೆಯವರ ಗಂಟಲು ಸ್ಫೋಟಿಸಿತು.

"ತಡೀರಿ ಡಾಕ್ಟ್ರೇ! ಇತ್ಲಾಗ್ ನೋಡಿ! ಇವಮ್ಮ ಆರತಿ ಎತ್ತಾವ್ರೆ, ಇವ್ರು ಮಂಗಳಾರತಿ ತಗೋತಾವ್ರೆ ಕಣ್ರೀ!"

ಡಾಕ್ಟರು ತಿರುಗಿ ನೋಡಿದರು. ನನ್ನ ಹೆಂಡತಿಯ ಕೈಯಲ್ಲಿ ಟಾರ್ಚು ನನ್ನ ಮುಖದ ಮುಂದೆ ಬಲಕ್ಕೆ ಸುತ್ತುತ್ತಿತ್ತು. ನನ್ನ ಕೈ ಆ ಬೆಳಕನ್ನು ಮುಟ್ಟಿ ಬಂದು, ಮುಚ್ಚಿದ ಎಡಗಣ್ಣಿನ ಮೇಲೆ ಭದ್ರವಾಗಿ ಒತ್ತಿಕೊಂಡಿತ್ತು. ನಲವತ್ತು ವರ್ಷ ಒಂದೇ ದೇವರ ಮನೆಯಲ್ಲಿ ನಿಂತವರ ಕೈಗಳು ನಮ್ಮನ್ನು ಕೇಳದೆಯೇ ತಮ್ಮ ಕೆಲಸ ಮಾಡಿದ್ದವು. ಬೆಳಕಿನ ಒಂದು ಎಳೆಯೂ ಕಣ್ಣಿಗೆ ಬಿದ್ದಿರಲಿಲ್ಲ. ಬೀಳದ ಬೆಳಕಿಗೆ ಪಾಪೆ ಏಕೆ ಕುಗ್ಗೀತು?

"ನಾಲ್ಕು ಸಲಾನೂ ಹೀಗೇನಾ?" ಎಂದರು ಡಾಕ್ಟರು.

"ನಾನು ಸುತ್ತಲಿಲ್ಲ ಕಣಮ್ಮ," ಎಂದಳು ನನ್ನ ಹೆಂಡತಿ, ಇನ್ನೂ ಸುತ್ತುತ್ತಲೇ.

ಐದನೆಯ ಸಲ ಟಾರ್ಚನ್ನು ನೆರೆಮನೆಯವರು ಹಿಡಿದರು. ನನ್ನ ಎರಡು ಕೈಗಳನ್ನೂ ಹೆಂಡತಿ ಹಿಡಿದಳು. ಕಣ್ಣು ಮುಚ್ಚುವುದಿಲ್ಲವೆಂದು ಡಾಕ್ಟರು ನನ್ನಿಂದ ಮಾತು ತೆಗೆದುಕೊಂಡರು. ಬೆಳಕು ಎಡಗಣ್ಣಿಗೆ ನೇರವಾಗಿ ಹೊಡೆಯಿತು. ಪೊರೆಯ ತುಂಬ ಬಿಳಿ ಹಬ್ಬಿ, ಕೋಣೆ, ಜನ, ಪರದೆ ಎಲ್ಲವೂ ಅಳಿಸಿಹೋದವು.

"ಕುಗ್ತು!" ಎಂದರು ಡಾಕ್ಟರು.

"ಕುಗ್ತು ಕಣ್ರೀ!" ಎಂದಳು ಹೆಂಡತಿ. ಹಿಡಿದಿದ್ದ ನನ್ನ ಬೆರಳುಗಳನ್ನು ಮುರಿಯುವಂತೆ ಅಮುಕಿದಳು.

"ಅಂಗೇ ಮುದುರ್ಕಂತು! ಜೋರಾಗೈತೆ ಪಾಪೆ!" ಎಂದರು ನೆರೆಮನೆಯವರು. ಡಾಕ್ಟರು ಖಾತ್ರಿಗೆಂದು ಇನ್ನೆರಡು ಬಾರಿ ಬೆಳಕು ಬಿಡಿಸಿದರು. ಎರಡು ಬಾರಿಯೂ ಮೂವರೂ ಕೂಗಿದರು.

ಒಳಗೆ ಏನೂ ಆಗಿಲ್ಲ, ಊತ ಇಳಿಯಲು ಒಂದು ವಾರ ಬೇಕು, ಅಲ್ಲಿಯವರೆಗೆ ಪುರಾಣಕ್ಕೆ ರಜೆ ಎಂದು ಡಾಕ್ಟರು ಲೋಳೆ ಒರೆಸಿದರು. ಸೂರ್ಯನಾರಾಯಣನಿಗೆ ಮಲಗಿದಲ್ಲಿಂದಲೇ ನಮಸ್ಕರಿಸಿ, ಮೊದಲು ಆ ಐದು ಲೋಟಗಳ ವ್ಯವಸ್ಥೆಗೆ ಧಾವಿಸಿದೆ.

ಹಿಂದಿರುಗುವಾಗ ಕಾರಿನಲ್ಲಿ ನನಗೊಂದು ಕೊರಗು ಹುಟ್ಟಿತು. ನನ್ನ ಕಣ್ಣು ಮುಚ್ಚಿದ ರೆಪ್ಪೆಯೊಳಗೆ ಬೆಳಕಿಗೆ ತಲೆಬಾಗಿದ್ದನ್ನು ಆ ಕೋಣೆಯಲ್ಲಿ ಎಲ್ಲರೂ ಕಂಡಿದ್ದರು, ನನ್ನೊಬ್ಬನ ಹೊರತು. "ಹೇಗಿತ್ತು ಅದು?" ಎಂದು ಕೇಳಿದೆ.

"ಕಪ್ಪಗೆ ಗುಂಡಗೆ, ಮೆಣಸಿನ ಕಾಳಿನಷ್ಟಿತ್ತು," ಎಂದು ಹೆಂಡತಿ ಹಿಂದಿನ ಸೀಟಿನಿಂದ ಬೆರಳು ತೋರಿಸಿದಳು. "ಬೆಳಕು ಬಿದ್ದ ತಕ್ಷಣ ಸಾಸಿವೆ ಆಯ್ತು."

"ಮೆಣಸಾ? ಏ ಬುಡಿ ತಾಯಿ, ಟಿವೀಲಿ ನಿಂಬೆಹಣ್ಣಿನ್ ಗಾತ್ರ ಇತ್ತು. ಈಟಿತ್ತು, ಈಟಾಯ್ತು!" ಎಂದು ನೆರೆಮನೆಯವರು ತೋರಿಸಲು ಎರಡು ಕೈಗಳನ್ನೂ ಮೇಲೆತ್ತಿದರು.

"ಸ್ವಾಮಿ, ನಂಬಿದೆ," ಎಂದೆ. "ಸ್ಟೀರಿಂಗ್ ಹಿಡ್ಕೊಳ್ಳಿ."