ಕಲ್ಲಿನ ಮೇಲೊಂದು ಹೊಸ ಪದ

ಪರದೇಶದ ಈ ಮೌಂಟ್ ರಾಸ್ಕಿಲ್‌ನಲ್ಲಿ ನನ್ನದು ಸಮಾಧಿಕಲ್ಲಿನ ವ್ಯಾಪಾರ. ಕಪ್ಪು ಗ್ರಾನೈಟ್ ನಮ್ಮೂರ ಕಡೆಯಿಂದಲೇ ತರಿಸಿದ್ದು. ಇಲ್ಲಿ ಜುಲೈ ಚಳಿಗಾಲ; ಅಂಥ ಒಂದು ಚಳಿಯಲ್ಲಿ ಐಸ್‌ಲ್ಯಾಂಡಿನ ಮುದುಕಿಯೊಬ್ಬರು ಗಂಡನ ಕಲ್ಲಿಗೆಂದು ಬಂದರು. ಗಂಡ ಜೀವನವಿಡೀ ಕಂಪ್ಯೂಟರ್ ರಿಪೇರಿ ಮಾಡಿದವರು. ಅದನ್ನು ತಮ್ಮ ಭಾಷೆಯಲ್ಲೇ ಕೆತ್ತಿಸಬೇಕೆಂದು ಆ ಮುದುಕಿಯ ಆಸೆ.

"ಊರಿಗೆ ಫೋನ್ ಮಾಡಿ ಕೇಳಿದೆ. ಕಂಪ್ಯೂಟರಿಗೆ 'ಟೋಲ್ವಾ' ಅಂತ ಬರೀತಾರಂತೆ," ಅಂದರು. "ನಾವು ಊರು ಬಿಟ್ಟಾಗ ಆ ಪದವೇ ಇರಲಿಲ್ಲ. ಹೊಸ ವಸ್ತು ಬಂದರೆ ನಮ್ಮವರು ಹಳೆಯ ಪದಗಳಿಂದಲೇ ಹೆಸರು ಕಟ್ಟುತ್ತಾರೆ. ಪಾಪ, ದಿನಾ ಮುಟ್ಟುತ್ತಿದ್ದ ಯಂತ್ರದ ಹೆಸರು ತನ್ನ ಭಾಷೆಯಲ್ಲಿ ಗೊತ್ತಿಲ್ಲದೆಯೇ ಹೋದ."

ಒಮ್ಮೆ ಕೆತ್ತಿದರೆ ಅಳಿಸಲಾಗದು. "ಕಂಪ್ಯೂಟರ್ ಅಂತಲೇ ಇರಲಿ ಮೇಡಂ, ಇಲ್ಲಿ ಎಲ್ಲರಿಗೂ ಅರ್ಥವಾಗುತ್ತೆ," ಎಂದೆ.

"ನಿಮ್ಮ ಭಾಷೇಲಿ ಏನಂತೀರಿ?"

"ಗಣಕಯಂತ್ರ."

"ದಿನಾ ಹಾಗೇ ಅಂತೀರಾ?"

"ಇಲ್ಲ. ಕಂಪ್ಯೂಟರ್ ಅಂತೀವಿ."

ಮುದುಕಿ ನಗಲಿಲ್ಲ. ಕಲ್ಲನ್ನೊಮ್ಮೆ ಸವರಿದರು. "ಟೋಲ್ವಾ ಅಂತಲೇ ಕೆತ್ತಿ. ಅವನ ತಮ್ಮನ ಮಕ್ಕಳು ಊರಿಂದ ಬಂದಾಗ, ಇವನು ನಮ್ಮವನೇ ಅಂತ ಓದಿಕೊಳ್ಳಲಿ."

ಹಾಗೇ ಕೆತ್ತಿಸಿಕೊಟ್ಟೆ.

ನಮ್ಮ ಮನೆತನದಲ್ಲಿ ಸುಡುವ ಪದ್ಧತಿ. ನನಗೆ ಕಲ್ಲಿನ ತಲೆನೋವಿಲ್ಲ. ಕಲ್ಲಿಟ್ಟು ಕನ್ನಡದಲ್ಲಿ ಕೆತ್ತಿಸಿದ್ದರೂ, ಇಲ್ಲೇ ಹುಟ್ಟಿದ ನನ್ನ ಮಗಳಿಗೆ ಅದನ್ನು ಬೇರೆ ಯಾರಾದರೂ ಓದಿ ಹೇಳಬೇಕಿತ್ತು.