ಗಲ್ಲ ಇಟ್ಟು ನೋಡುವ ನೆಲ

ಮಾಘದ ಚಳಿ, ಬೆಳಗಿನ ಐದೂವರೆ. ಮೋಟೆಬೆನ್ನೂರಿನ ಹಳೆಯ ಸಮುದಾಯ ಭವನದಲ್ಲಿ ಅರವತ್ತೆರಡರ ಉಚ್ಚಂಗೆವ್ವ ನೆಲಕ್ಕೆ ಒದ್ದೆ ಮಾಡಿದ ಕಟ್ಟಿಗೆ ಹೊಟ್ಟು ಎರಚುತ್ತಾಳೆ. ಮೂರು ಸಲ ಗುಡಿಸಿ, ಒರೆಸಿ, ಆರಿದ ಮೇಲೆ ಮಗ್ಗುಲಾಗಿ ಮಲಗಿ ನೆಲಕ್ಕೆ ಗಲ್ಲ ತಿಕ್ಕುತ್ತಾಳೆ. ಉರಿದರೆ ಮತ್ತೆ ಮೊದಲಿನಿಂದ.

"ಕೈ ದಡ್ಡು ಬಿದ್ದಾವ್ರಿ, ಖಾರ ಗೊತ್ತಾಗಂಗಿಲ್ಲ. ಗಲ್ಲ ಸುಳ್ಳು ಹೇಳಂಗಿಲ್ಲ."

ಮಧ್ಯಾಹ್ನದಿಂದ ಸಂಜೆವರೆಗೆ ಇಲ್ಲಿ ಮೂವತ್ತು ಹೆಂಗಸರು ಒಣಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಾರೆ. ಬೆಳಿಗ್ಗೆ ಅದೇ ನೆಲದ ಮೇಲೆ ಅಂಗನವಾಡಿಯ ಹದಿನೆಂಟು ಮಕ್ಕಳು. ಹೆಚ್ಚಿನವು ಆ ಹೆಂಗಸರವೇ.

"ಬ್ಯಾಡಗಿ ಕಾಯಿ ಬಣ್ಣ ಜಾಸ್ತಿ, ಖಾರ ಕಮ್ಮಿ ಅಂತ ಪ್ಯಾಟ್ಯಾಗ ಹೊಗಳ್ತಾರ. ಕೂಸಿನ ಕಣ್ಣಿಗೆ ಕೇಳ್ರಿ!" ಎನ್ನುತ್ತಾಳೆ ಉಚ್ಚಂಗೆವ್ವ.

ಹಿಂದಿನ ವಾರ ಒಂದು ಕೂಸು ನೆಲ ಮುಟ್ಟಿದ ಕೈಯಲ್ಲಿ ಕಣ್ಣು ತಿಕ್ಕಿಕೊಂಡು ಬಹಳ ಹೊತ್ತು ಅತ್ತಿತ್ತು. ಭವನದ ಉಸ್ತುವಾರಿ ನೋಡುವ ಮಲ್ಲೇಶಪ್ಪ ಗುಡುಗಿದ್ದರು: "ಸೋಮವಾರ ನಾನ ಬಂದು ನೋಡ್ತೇನಿ. ಖಾರ ಉಳಿದಿದ್ರ ಮಕ್ಕಳು ಹೋದ ಮ್ಯಾಲೆ ಬೀಗ ಜಡೀತೇನಿ." ಬೀಗ ಬಿದ್ದರೆ ಮೂವತ್ತು ಮನೆಗಳ ಕೂಲಿಗೂ ಬಿದ್ದಂತೆ.

ಈ ಭವನದ ಕಥೆ ಉಚ್ಚಂಗೆವ್ವನಿಗೆ ಕಸದಿಂದ ಗೊತ್ತು. ಮಾವ ಗಿರಿಯಪ್ಪ ಗುಡಿಸುವಾಗ ಇಲ್ಲಿ ಚರಕಗಳಿದ್ದವಂತೆ. ಕಸವೆಂದರೆ ಹತ್ತಿಯ ಎಳೆ. ಆಮೇಲೆ ಶಾಲೆ, ಸೀಮೆಸುಣ್ಣದ ಪುಡಿ. ಅವಳು ಸೊಸೆಯಾಗಿ ಬಂದಾಗ ರೇಷನ್ ಅಂಗಡಿ. ಚಿಮಣಿ ಎಣ್ಣೆಯ ವಾಸನೆ ಹೋಗಲು ಬೂದಿ ತಿಕ್ಕಿದ್ದೇ ತಿಕ್ಕಿದ್ದು. ಮದುವೆಗಳಾದಾಗ ಅಕ್ಷತೆ, ಅರ್ಧ ಕೆಲಸ ಇರುವೆಗಳದ್ದು.

"ಮಾವ ಒಂದ ಮಾತು ಹೇಳಿದ್ದ, ನಿನ್ನಿಯವರ ಕಸ ಇವತ್ತಿನವರ ಕಾಲಿಗೆ ಹತ್ತಬಾರದು ಅಂತ."

ಸೋಮವಾರ ಒಂಬತ್ತಕ್ಕೇ ಮಲ್ಲೇಶಪ್ಪ ಬೀಗ ಹಿಡಿದೇ ಬಂದರು. ಮಕ್ಕಳು ಕೂರುವ ಜಾಗವನ್ನು ಬಗ್ಗಿ ನೋಡಿದರು.

"ನೋಡಿದ್ರ ಕಾಣಂಗಿಲ್ಲರಿ ಅಣ್ಣಾರ. ಅಂಗೈಲೆ ನೆಲ ಉಜ್ಜಿ ಕಣ್ಣಿಗೆ ಹಚ್ಕೋರಿ."

"ನನ್ನ ಕಣ್ಣು ಕಳೀಬೇಕಂತೀಯೇನ?"

"ಕೂಸುಗೋಳಿಗೂ ಎರಡ ಕಣ್ಣು ಅದಾವ್ರಿ, ನಿಮಗೂ ಎರಡ."

ಏನಾಗುತ್ತದೋ ಎಂದು ಬಂದು ಬಾಗಿಲಲ್ಲಿ ನಿಂತಿದ್ದ ತೊಟ್ಟು ಬಿಡಿಸುವ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು. ಮಲ್ಲೇಶಪ್ಪ ನೆಲ ಉಜ್ಜಿದರು, ಕಣ್ಣು ತಿಕ್ಕಿಕೊಂಡರು, ಕಾದರು. ಒಂದು ಹನಿ ನೀರೂ ಬರಲಿಲ್ಲ.

"ಮತ್ತೇನ ಬ್ಯಾಡ್ರಿ," ಎಂದಳು ಉಚ್ಚಂಗೆವ್ವ, "ವಾರಕ್ಕೊಂದು ಚೀಲ ಹೊಟ್ಟು ಕೊಡಸ್ರಿ, ಸಾಕು."

ಬೀಗವನ್ನು ಕಿಸೆಗಿಳಿಸಿ ಮಲ್ಲೇಶಪ್ಪ ಹೊರಟುಹೋದರು, ಮಕ್ಕಳು ಬರುವ ಮುಂಚೆಯೇ.